ಗಾಡಿ ಹೊರಡುವ ಮುನ್ನ

ಅಪ್ಪಾ,

ನೀನು ಓದಲಾರೆ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ನೀನು ಬದುಕಿದ್ದಿದ್ದರೆ ಇವತ್ತು ನನ್ನ ಕಿವಿ ಹಿಂಡುತ್ತಿದ್ದೆ.

ಎಲ್ಲರಿಗೂ ಸರ್ಕಾರವೇ ಚಿಕಿತ್ಸೆ ಕೊಡಬೇಕೆಂಬ ಮಸೂದೆಯ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆಯಿತ್ತು. ಆಂಬುಲೆನ್ಸ್ ಚಾಲಕರ ಪರವಾಗಿ ಮೈಕ್ ಹಿಡಿದವನು ನಾನು. "ರೋಗೀನ ಮಲಗಿಸಿದ್ಮೇಲೆ ಸರ್ಕಾರಿನಾ, ಪ್ರೈವೇಟಾ ಅಂತ ಕೇಳೋ ಕರ್ಮ ನಮಗೆ ಬೇಡ. ಹತ್ತಿರ ಯಾವುದಿದ್ಯೋ ಅಲ್ಲಿಗೇ ಹೋಗೋ ಹಾಗಾಗ್ಲಿ," ಎಂದೆ. ಚಪ್ಪಾಳೆಯೂ ಬಿತ್ತು.

ನನ್ನ ನಂತರ ಎದ್ದ ಔಷಧಿ ಅಂಗಡಿಯವರೊಬ್ಬರು, "ಬಿಟ್ಟಿ ಸಿಕ್ಕಿದ್ರೆ ಜನ ಸೀನಿದ್ದಕ್ಕೂ ಸಾಲು ನಿಲ್ತಾರೆ!" ಎಂದು ಕೂಗಾಡುತ್ತಲೇ ಎದೆ ಹಿಡಿದುಕೊಂಡು ಕುಸಿದರು. ಎತ್ತಿ ನನ್ನ ಗಾಡಿಯಲ್ಲಿ ಮಲಗಿಸಿದೆವು. ಅವರ ಮಗ ಪಕ್ಕದಲ್ಲಿ ಹತ್ತಿ ಕೂತ. ನಾನು ಸ್ಟಿಯರಿಂಗ್ ಹಿಡಿದದ್ದೇ ತಡ, ಬಾಯಿ ತಾನಾಗಿ ಕೇಳಿಬಿಟ್ಟಿತು: "ಸರ್ಕಾರಿನಾ, ಪ್ರೈವೇಟಾ?"

ಮಗ ಅಪ್ಪನ ಮುಖ ನೋಡಿ ತನ್ನ ಜೇಬು ತಡವಿಕೊಂಡ. ಕನ್ನಡಿಯಲ್ಲಿ ಕಂಡ ಆ ಮುಖ ನನಗೆ ಹೊಸದಲ್ಲ. ಉತ್ತರಕ್ಕೆ ಕಾಯದೆ ಹತ್ತಿರದ್ದಕ್ಕೇ ಓಡಿಸಿದೆ. ಬದುಕಿಕೊಂಡರು.

ನಿನ್ನನ್ನು ಆಂಬುಲೆನ್ಸಿನಲ್ಲಿ ಮಲಗಿಸಿದ ದಿನ ಅದರ ಚಾಲಕ ಇದನ್ನೇ ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವನು ನೀನು:

"ದೂರದ ಸರ್ಕಾರಿಗೇ ನಡಿಯಪ್ಪ. ನಂಗೇನೂ ಅವಸರ ಇಲ್ಲ."