ಖಾಲಿ ಬಂದ ತಾಟು

ಸ್ಟೇಷನ್ ಕಡೆಯ ಹೊಸ ಮನೆ, ರಾಯಚೂರು
ಭಾನುವಾರ, ೨೪ ಏಪ್ರಿಲ್ ೧೯೪೯

ಪ್ರೀತಿಯ ಅತ್ತೆಮ್ಮನವರಿಗೆ, ನಿಮ್ಮ ಹಿರಿಯ ಸೊಸೆಯ ಶರಣು.

ಮೊಣಕಾಲು ಹೇಗಿದೆ? ಹರಳೆಣ್ಣೆ ಹಚ್ಚಿ ಎಕ್ಕದ ಎಲೆ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ದೇವದುರ್ಗವೆಲ್ಲ ತಿರುಗುತ್ತಿದ್ದೀರೋ? ನೀವು ಹೇಳುವುದಿಲ್ಲವೆಂದು ಗೊತ್ತು. ಅದಕ್ಕೇ ನನ್ನ ಮೈದುನ ದೊಡ್ಡಪ್ಪ ಪ್ರತ್ಯೇಕವಾಗಿ ನಾಲ್ಕು ಸಾಲು ಬರೆಯಲಿ. ದೊಡ್ಡಪ್ಪ, ತಾಯಿಗೆ ಈ ಪತ್ರ ಓದಿ ಹೇಳುವಾಗ ನಿನಗೆ ಸರಿಕಾಣದ ಸಾಲು ಹಾರಿಸಬೇಡ. ಹೋದ ಸಲ ಹಾರಿಸಿದ್ದೀಯೆಂದು ಅವರ ಉತ್ತರದಿಂದಲೇ ತಿಳಿಯಿತು. ಇಲ್ಲಿ ನಿಮ್ಮ ಮಗ ಆರೋಗ್ಯವಾಗಿದ್ದಾರೆ. ಅವರು ಕೆಲಸಕ್ಕೆ ಹೋಗುವ ಅಕ್ಕಿ ಗಿರಣಿಗೆ ಮಟಮಾರಿಯ ಕಡೆಯಿಂದ ಭತ್ತ ಬರುತ್ತಿದೆ. ಬಿಸಿಲು ಮಾತ್ರ ಬೆಳಗಿನ ಒಂಬತ್ತಕ್ಕೇ ಅಂಗಳದ ಬಂಡೆಯ ಮೇಲೆ ಕಾಲಿಡಗೊಡುವುದಿಲ್ಲ. ಮಾನವಿಯಲ್ಲಿ ಮಗಳ ಮನೆಗೆ ಹೋಗಿ ನೆಲೆಸಿರುವ ನಮ್ಮ ಹಳೇ ನೆರೆಯವರು ಕುಬ್ರಾ ಬೇಗಂ ಗಿರಣಿಯ ಗಾಡಿಯವನ ಕೈಯಲ್ಲಿ ನಿಮಗೆ ಸಲಾಂ ಹೇಳಿ ಕಳಿಸಿದ್ದಾರೆ. ಹಳೇ ಓಣಿಯಲ್ಲಿ ಈಗ ನಮ್ಮ ಕಾಲದ ಮನೆಗಳು ಮೂರೋ ನಾಲ್ಕೋ ಉಳಿದಿವೆಯಂತೆ. ಉಳಿದವರೂ ಹಗಲಲ್ಲೇ ಅಗಳಿ ಹಾಕಿಕೊಂಡಿರುತ್ತಾರಂತೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯುಗಾದಿಗೆ ಪಕ್ಕದ ಮನೆಗೆ ಹೋಳಿಗೆ ಕಳಿಸಿದೆನೆಂದು ನಾನು ಹೆಮ್ಮೆಯಿಂದ ಬರೆದಿದ್ದೆ. ನೀವು ಉಳಿದ ಸುದ್ದಿಯನ್ನೆಲ್ಲ ಬಿಟ್ಟು ಒಂದೇ ಮಾತು ಬರೆಸಿ ಕೇಳಿದ್ದಿರಿ. "ತಾಟಿನ್ಯಾಗ ಅವರು ಏನ್ ಹಾಕಿ ಕೊಟ್ರು?" ಆ ದಿನವೇ ಉತ್ತರ ಬರೆಯಲು ಕುಳಿತವಳು ಕಾಗದ ಮಡಚಿಟ್ಟೆ. ಏಕೆಂದರೆ ಅವರು ಏನನ್ನೂ ಹಾಕಿರಲಿಲ್ಲ. ತಾಟು ಖಾಲಿ ಬಂದಿತ್ತು. ಬೂದಿ ಹಚ್ಚಿ ತಿಕ್ಕಿ, ತೊಳೆದು, ಬಟ್ಟೆಯಿಂದ ಒರೆಸಿ, ನಮ್ಮ ಮನೆಯಲ್ಲಿ ಎಂದೂ ಹೊಳೆಯದಷ್ಟು ಹೊಳೆಯಿಸಿ ಕಳಿಸಿದ್ದರು. ಎಷ್ಟು ಅಚ್ಚುಕಟ್ಟಿನ ಜನ ಎಂದು ನಾನು ಮೆಚ್ಚಿಕೊಂಡಿದ್ದೆ. ಹಳೇ ಓಣಿಯಲ್ಲಿ ಇಪ್ಪತ್ತು ವರ್ಷ ನಿಮ್ಮ ಕೈಕೆಳಗೆ ಇದ್ದವಳಿಗೆ ಅದು ಹೊಳೆಯಲಿಲ್ಲ ನೋಡಿ. ಅಲ್ಲಿ ಯಾರ ತಾಟೂ ಖಾಲಿ ತಿರುಗುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ, ಅದೂ ಇಲ್ಲದಿದ್ದರೆ ಒಂದು ಹಿಡಿ ಜೋಳ. ಯಾರ ಹೆಸರು ಕೊರೆಸಿದ ತಾಟು ಯಾರ ಮನೆಯ ಗೂಟಕ್ಕೆ ತೂಗುತ್ತಿತ್ತೋ ಯಾರಿಗೂ ಲೆಕ್ಕವಿರಲಿಲ್ಲ.

ತಪ್ಪು ನನ್ನದೇ. ತಾಟು ಒಯ್ಯುವಾಗ ಕೆಲಸದ ಕರೆಮ್ಮನಿಗೆ ನಾನು ಹೇಳಿ ಕಳಿಸಿದ್ದೆ: ಅವರಿಗೆ ತೊಂದರೆ ಬೇಡ, ತಿರುಗಿ ಏನೂ ಹಾಕುವುದು ಬೇಡವೆಂದು ಹೇಳು. ಸಿಕಂದರಾಬಾದಿನ ಶಾಲೆಯಲ್ಲಿ ನಮಗೆ ಕಲಿಸಿದ್ದು ಅದನ್ನೇ. ಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನೂ ಬಯಸಬಾರದು, ಪಡೆದವರಿಗೆ ಭಾರವಾಗಬಾರದು. ಇಂಗ್ಲಿಷಿನಲ್ಲಿ ಅದು ತುಂಬ ಒಳ್ಳೆಯ ಮಾತಾಗಿ ಕೇಳುತ್ತಿತ್ತು. ಕರೆಮ್ಮ ನನ್ನ ಮುಖ ನೋಡಿ, "ಹಂಗs ಹೇಳ್ಲೇನ್ರೀ ಅವ್ವಾರ?" ಎಂದು ಎರಡು ಸಲ ಕೇಳಿದಳು. ಕೇಳಿದ್ದು ಯಾಕೆಂದು ನಾನು ಯೋಚಿಸಲಿಲ್ಲ.

ಪಕ್ಕದವರು ಯಾರೆಂದು ನಿಮಗೆ ಗೊತ್ತೇ ಇದೆ. ಶಾಲೆಯ ಮಾಸ್ತರ ಮೌನಪ್ಪ, ಅವನ ತಾಯಿ ಗೋಪಮ್ಮ. ಕೋಟೆಯ ಆಚೆಯ ಕೇರಿಯಿಂದ ಬಂದು, ಗೋಪಮ್ಮ ಮೂವತ್ತು ವರ್ಷ ಕಂಡವರ ಹೊಲದಲ್ಲಿ ದುಡಿದು, ಮಗ ಓದಿ, ಈ ಜಾಗ ಕೊಂಡವರು. ನೀವಿದ್ದಾಗ ನೀವೂ ನಾನೂ ಅವರನ್ನು ಗೇಟಿನಿಂದಲೇ ಮಾತಾಡಿಸಿ ಒಳಗೆ ಬಂದೆವು. ನಡುವೆ ಹೋದ ವರ್ಷದ ಗಲಾಟೆಯ ಕಾಲಕ್ಕೆ ಹೆದರಿ ಎತ್ತರಿಸಿ, ಮೇಲೆ ಗಾಜಿನ ಚೂರು ನೆಡಿಸಿದ ಗೋಡೆ. ಗಲಾಟೆ ಮುಗಿಯಿತು, ನಿಜಾಮರ ಕಾಲ ಮುಗಿಯಿತು, ಗಾಜು ಹಾಗೇ ಇತ್ತು. ದೇವದುರ್ಗಕ್ಕೆ ಗಾಡಿ ಹತ್ತುವಾಗ ನೀವು ಹೇಳಿದಿರಲ್ಲ, "ಈ ಮನ್ಯಾಗ ಗ್ವಾಡಿ ಭಾಳ ಅವ, ಮಂದಿನs ಇಲ್ಲ. ಹದಿನೈದು ದಿನ ಇದ್ದು ಬರ್ತೀನಿ." ಎರಡು ತಿಂಗಳಾದುವು. ನೀವು ಯಾಕೆ ಬರುತ್ತಿಲ್ಲವೆಂದು ನಿಮ್ಮ ಮಗ ನನ್ನನ್ನು ಕೇಳುವುದಿಲ್ಲ. ಊಟಕ್ಕೆ ಕುಳಿತಾಗ ನಿಮ್ಮ ಮಣೆಯ ಕಡೆ ಒಮ್ಮೆ ನೋಡುತ್ತಾರೆ, ಅಷ್ಟೇ.

ನಿಮ್ಮ ಪ್ರಶ್ನೆ ಬಂದ ಮೇಲೆ ಒಂದು ವಾರ ಕಳೆದು ಗೋಪಮ್ಮನ ಮನೆಗೆ ಹೋದೆ. ನಡುವಿನದು ಒಂದು ಗೋಡೆಯಾದರೂ ಎರಡು ಗೇಟು ದಾಟಿ ಬೀದಿ ಸುತ್ತಿ ಹೋಗಬೇಕು. ಆಕೆ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ಹೋಳಿಗೆಯ ಮಾತು ತೆಗೆದೆ. ಆಕೆ ಕೈಕೆಲಸ ಬಿಡದೆ ಹೇಳಿದರು, "ನೀವs ಹೇಳಿ ಕಳಿಸಿದ್ರಲ್ರೀ ಅಕ್ಕಾರ, ಏನೂ ಹಾಕಬ್ಯಾಡ್ರಿ ಅಂತ. ನಮ್ಮ ಮನೀದು ನಿಮಗ ನಡಿಯಂಗಿಲ್ಲ ಅಂತ ತಿಳಕೊಂಡ್ವಿ. ಸಿಟ್ಟಿಲ್ಲ ಬಿಡ್ರಿ, ರೂಢಿ ಅದ ನಮಗ. ಮೊದಲಿನವರು ಮಾರಿ ಮ್ಯಾಗ ಅಂತಿದ್ರು, ನೀವು ಹೋಳಿಗಿ ಜೋಡಿ ಹೇಳಿ ಕಳಿಸಿದ್ರಿ, ಅಷ್ಟs ಫರಕು." ಇಷ್ಟು ಹೇಳಿ ನಕ್ಕರು. ನನಗೆ ನಗಲಾಗಲಿಲ್ಲ. ನನ್ನ ಮನಸ್ಸಿನಲ್ಲಿ ಅದಿರಲಿಲ್ಲವೆಂದು ಹೇಳಿದೆ. ಹೇಳುತ್ತಿರುವಾಗಲೇ, ಇರಲಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡೆ. ಗಿರಣಿ ಮಾಲೀಕರ ಮನೆಗೆ ಹೋಳಿಗೆ ಕಳಿಸಿದ್ದರೆ ಅದೇ ಮಾತು ಹೇಳಿ ಕಳಿಸುತ್ತಿದ್ದೆನೆ?

ನೆರೆಹೊರೆ ಎಂದರೆ ಹಳೇ ಓಣಿ, ಈಗ ಆ ಕಾಲ ಹೋಯಿತು ಎಂದು ನಾವಿಬ್ಬರೂ ಎಷ್ಟೋ ಸಲ ಮರುಗಿದ್ದೇವೆ. ಸುಳ್ಳಲ್ಲ. ಆದರೆ ಆ ಓಣಿಯಲ್ಲೂ ಕುಬ್ರಾ ಬೇಗಂ ಈದಿಗೆ ನಮಗೆ ಕಳಿಸುತ್ತಿದ್ದುದು ಒಣ ಶ್ಯಾವಿಗೆ, ಉತ್ತತ್ತಿ, ಸಕ್ಕರೆ. ಬೇಯಿಸಿದ್ದಲ್ಲ. ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗೋಪಮ್ಮನಂಥವರಂತೂ ಆ ಓಣಿಗೆ ಬಂದರೆ ಕಟ್ಟೆಯ ಕೆಳಗೇ ನಿಲ್ಲುತ್ತಿದ್ದರು. ಈ ಹೊಸ ಬಡಾವಣೆಯಲ್ಲಿ ಗೋಡೆಗೆ ಗೋಡೆ ಹತ್ತಿ ನಿಂತಿದ್ದೇವೆ, ಆದರೆ ತಾಟು ತಿರುಗುವುದಿಲ್ಲ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತೂಗಲು ನನಗೆ ಬರುವುದಿಲ್ಲ.

ಮುಂದಿನದು ನಾನು ಯೋಚಿಸಿ ಮಾಡಿದ್ದಲ್ಲ. ಈ ಬಿಸಿಲಿಗೆ ನಮ್ಮ ಮೊಸರು ಕೆಟ್ಟು ಲೋಳೆ ಲೋಳೆಯಾಗಿತ್ತು. ಅದನ್ನೇ ಹೆಪ್ಪು ಹಾಕಿದ ಹಾಲೂ ಕೆಟ್ಟಿತು. ಹಳೇ ಓಣಿಯಾಗಿದ್ದರೆ ಬಟ್ಟಲು ಹಿಡಿದು ಪಕ್ಕದ ಮನೆಗೆ ನಡೆಯುತ್ತಿದ್ದೆ. ಕರೆಮ್ಮ ಹೇಳಿದಳು, "ಹಳೇ ಓಣಿಗೆ ಹೋಗಿ ತರ್ತೀನ್ರೀ, ಒಂದು ತಾಸಿನ್ಯಾಗ ಬರ್ತೀನಿ." ಅವಳು ಸೆರಗು ತಲೆಯ ಮೇಲೆ ಎಳೆದುಕೊಳ್ಳುವಷ್ಟರಲ್ಲಿ ನಾನೇ ಬಟ್ಟಲು ತೆಗೆದುಕೊಂಡು ಗೋಪಮ್ಮನ ಬಾಗಿಲಿಗೆ ಹೋದೆ. ಹೆಪ್ಪು ಬೇಕಿತ್ತು ಎಂದೆ. ಆಕೆ ಬಟ್ಟಲನ್ನಲ್ಲ, ನನ್ನನ್ನು ನೋಡಿದರು. "ಖರೇನ ಕೇಳಾಕತ್ತೀರೋ, ನಮ್ಮ ಪರೀಕ್ಷಾ ಮಾಡಾಕತ್ತೀರೋ?" ಖರೇನೇ ಎಂದೆ. "ನಿಮ್ಮ ಯಜಮಾನರಿಗೆ ಹೇಳ್ತೀರೇನು, ಮುಚ್ಚಿಟ್ಟು ಹಾಕ್ತೀರೇನು? ಮುಚ್ಚಿಡಂಗಿದ್ರ ಕೊಡಂಗಿಲ್ಲ." ಹೇಳುತ್ತೇನೆ ಎಂದ ಮೇಲೆ ಒಳಗೆ ಹೋಗಿ ಕೊಟ್ಟರು. ಬಾಗಿಲವರೆಗೆ ಬಂದು, "ನನ್ನ ಕಟೋರಾದಾಗ ಕೊಟ್ಟೀನಿ ನೋಡ್ರಿ. ಖಾಲಿ ಕಳಿಸಬ್ಯಾಡ್ರಿ ಮತ್ತ," ಎಂದರು. ನನ್ನ ಬಟ್ಟಲನ್ನು ಬೇಕೆಂದೇ ಒಳಗೆ ಇಟ್ಟುಕೊಂಡಿದ್ದರು.

ಮರುದಿನ ಊಟದಲ್ಲಿ ಮೊಸರು ಬಡಿಸುವ ಮೊದಲೇ ನಿಮ್ಮ ಮಗನಿಗೆ ಹೇಳಿದೆ. ಅವರು ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿದರು. ಆಮೇಲೆ, "ಅವ್ವಗ ಬರದೀಯೇನು?" ಎಂದು ಕೇಳಿದರು. ಬರೆಯುತ್ತೇನೆ ಎಂದೆ. "ಹಂಗಾರ ಉಪ್ಪು ಕೊಡು," ಎಂದು ಮೊಸರು ಹಾಕಿಸಿಕೊಂಡು ಉಂಡರು. ಗಟ್ಟಿಯಾಗಿದೆ ಎಂದೂ ಹೇಳಿದರು.

ಗೋಪಮ್ಮನ ಕಟೋರಾದಲ್ಲಿ ನಿಮ್ಮ ಕೈಯ ಮಾವಿನ ಉಪ್ಪಿನಕಾಯಿ ಹಾಕಿ ಕಳಿಸಿದೆ. ಅದು ಬದನೆಕಾಯಿ ಎಣ್ಣೆಗಾಯಿ ತುಂಬಿಕೊಂಡು ತಿರುಗಿ ಬಂತು. ನನ್ನ ಬಟ್ಟಲು ಇನ್ನೂ ಅಲ್ಲೇ ಇದೆ, ನಾನು ಕೇಳಿಲ್ಲ. ಬೀದಿ ಸುತ್ತುವುದು ಬೇಸರವೆಂದು ಗೋಡೆಯ ಮೇಲೆ ಒಂದು ಮೊಳದಷ್ಟು ಜಾಗದ ಗಾಜು ಕೀಳಿಸಿದ್ದೇನೆ. ಆ ಕಡೆ ಆಕೆ ಒರಳಿನ ಮೇಲೆ ನಿಲ್ಲುತ್ತಾರೆ, ಈ ಕಡೆ ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಇಬ್ಬರದೂ ತಲೆ ಮಾತ್ರ ಕಾಣುವುದರಿಂದ ಮಾತು ಸಲೀಸಾಗಿ ಬರುತ್ತದೆ. ನಿನ್ನೆ ಆಕೆ ಕೇಳಿದರು, "ನಿಮ್ಮತ್ತಿ ಯಾವಾಗ ಬರ್ತಾರ? ಭಾಳ ಜೋರಂತಲ್ಲ?" ಜೋರೇ ಎಂದೆ. ಬೇಸರ ಮಾಡಿಕೊಳ್ಳಬೇಡಿ.

ಬಸವ ಜಯಂತಿಗೆ ಬಂದುಬಿಡಿ. ನಿಮ್ಮ ಮಣೆ ತೊಳೆದು ಬಿಸಿಲಿಗಿಟ್ಟಿದ್ದೇನೆ. ದೊಡ್ಡಪ್ಪನಿಗೂ ಅವನ ಹೆಂಡತಿ ನಮ್ಮ ತಂಗಿಗೂ ನನ್ನ ನೆನಪು, ಕೂಸಿನ ಗಲ್ಲಕ್ಕೆ ಒಂದು ಮುತ್ತು. ಮೊಣಕಾಲು ಜೋಪಾನ.

ನಿಮ್ಮ
ವೀರಭದ್ರಮ್ಮ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ, ಬರೆಯಲು ಹಿಂಜರಿದೆ. ಟಪಾಲಿನವನು ಬರುವ ಹೊತ್ತಾಯಿತು. ಆ ಹೆಪ್ಪೇ ಈಗ ದಿನದಿನವೂ ಬೆಳೆಯುತ್ತಿದೆ. ಮನೆಯ ಮೊಸರೆಲ್ಲ ಅದರದೇ. ನೀವು ಬಂದ ಮೇಲೆ ತಿಳಿಯುವುದು ಬೇಡ, ತಿಳಿದೇ ಬನ್ನಿ. ನೀವು ತಾಟಿನ ಮಾತು ಕೇಳಿದಿರೆಂದೇ ನಾನು ಗೋಪಮ್ಮನ ಬಾಗಿಲು ತುಳಿದದ್ದು, ಅದಕ್ಕೇ ಧೈರ್ಯ ಮಾಡಿ ಕೇಳುತ್ತೇನೆ. ನಿಮಗೆ ಬೇರೆ ಹೆಪ್ಪು ಬೇಕಾದರೆ ಕರೆಮ್ಮನನ್ನು ಹಳೇ ಓಣಿಗೆ ಕಳಿಸಿ ತರಿಸುತ್ತೇನೆ, ಮುಖ ಸಣ್ಣ ಮಾಡುವುದಿಲ್ಲ. ನೆಲುವಿನ ಮೇಲೆ ಈಗ ಒಂದೇ ಗಡಿಗೆ ಇದೆ. ಒಂದೇ ಇರಲೋ, ಎರಡು ಇಡಲೋ, ಅಷ್ಟನ್ನು ದೊಡ್ಡಪ್ಪನ ಕೈಯಲ್ಲಿ ಬರೆಸಿ.