ಎರಡು ಚೀಟಿಗಳಲ್ಲಿ ಒಂದೇ ಹೆಸರು

ಸ್ಮೊಲ್ಯಾನ್
ಜುಲೈ 23, 2024

ಮುದ್ದು ಝಿವ್ಕಾ,

ನಿನ್ನ ಚಿಕ್ಕಪ್ಪ ಇನ್ನೂ ಗುಂಡುಕಲ್ಲಿನ ಹಾಗಿದ್ದಾನೆ, ಚಿಂತೆ ಬೇಡ. ಮೊನ್ನೆ ಶನಿವಾರ, ದುರಸ್ತಿ ಮುಗಿದು, ನಮ್ಮ ಹಾಳೂರಿನ ಚರ್ಚಿನ ಬಾಗಿಲು ಮತ್ತೆ ತೆರೆಯಿತು. ಮನೆಗಳೆಲ್ಲ ಕುಸಿದು ಕೂತಿವೆ, ಅದೊಂದೇ ಮದುಮಗನ ಹಾಗೆ ನಿಂತಿದೆ. ಸೂರಿನ ಚಪ್ಪಡಿಗಳಲ್ಲಿ ಅರ್ಧ ಹತ್ತಿದ್ದು ನನ್ನ ಬೆನ್ನ ಮೇಲೆ, ಉಳಿದರ್ಧ ನನ್ನ ಸಲಹೆಯ ಮೇಲೆ. ಏಳನೇ ಕ್ಲಾಸಿಗೇ ಓದು ಬಿಟ್ಟ ನನಗೆ ಇಂಜಿನಿಯರೇ ಕೈ ಕುಲುಕಿದ!

ಬರೆಯಲು ಕೂತದ್ದು ಬೇರೆಯದಕ್ಕೆ. ಪೂಜೆಗೆ ಮೊದಲು ಪಾದ್ರಿ ಕಿರಿಲ್ ಪ್ರತಿ ಮನೆಯವರಿಂದಲೂ ಎರಡು ಚೀಟಿ ಕೇಳಿದರು. ಒಂದರಲ್ಲಿ ಬದುಕಿರುವವರು, ಇನ್ನೊಂದರಲ್ಲಿ ಸತ್ತವರು. ನಿನ್ನನ್ನೂ ನನ್ನನ್ನೂ ಒಂದರಲ್ಲಿ ಬರೆದೆ. ಅಪ್ಪ, ಅಮ್ಮ, ನಿನ್ನ ತಾಯಿಯನ್ನು ಇನ್ನೊಂದರಲ್ಲಿ. ನಿನ್ನ ಅಪ್ಪನ ಹೆಸರಿಗೆ ಬಂದಾಗ ಪೆನ್ನು ನಿಂತಿತು. ನಿನಗೆ ಮೂರು ವರ್ಷವಿದ್ದಾಗ, ಕಾವಲು ಸೈನಿಕರ ಕಣ್ಣು ತಪ್ಪಿಸಿ ಗಡಿ ದಾಟಿ ಗ್ರೀಸಿಗೆ ಹೋಗುತ್ತೇನೆಂದು ಹೊರಟ ಗ್ರೊಜ್ದಾನ್ ಅಣ್ಣನಿಂದ ಮೂವತ್ತೆಂಟು ವರ್ಷಗಳಲ್ಲಿ ಒಂದು ಸಾಲೂ ಬಂದಿಲ್ಲ. ಪಾದ್ರಿ ಅವಸರಪಡಿಸಿದರು. ಎರಡರಲ್ಲೂ ಬರೆದುಬಿಟ್ಟೆ.

ಅವರು ಎರಡನ್ನೂ ಗಟ್ಟಿಯಾಗಿ ಓದಿದರು! ಹಳೆಯ ನೆರೆಮನೆಯ ತೋತಾ ಅಜ್ಜಿಗೆ ಎಂಬತ್ತೊಂಬತ್ತಾದರೂ ಕಿವಿ ಚುರುಕು. ನನ್ನ ಪಕ್ಕೆ ತಿವಿದಳು: “ಏನೋ ಮಿಂಚೋ, ನಿಮ್ಮಣ್ಣ ಈಗಷ್ಟೇ ಚೆನ್ನಾಗಿದ್ದ, ಅಷ್ಟರಲ್ಲೇ ಸತ್ತೂ ಹೋದ್ನಾ?”

“ಸುಮ್ನಿರಜ್ಜಿ, ದೇವರಿಗೆ ಗೊತ್ತಿರುತ್ತೆ” ಅಂದೆ.

“ದೇವರಿಗೆ ಗೊತ್ತು ಕಣೋ. ನಿಂಗೆ ಗೊತ್ತಾ?”

ಸುತ್ತಲಿನವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಆಮೇಲೆ ಮೇಣದಬತ್ತಿ ಹಚ್ಚುವ ಸರದಿ. ಬದುಕಿದವರಿಗೆ ಮೇಲಿನ ತಟ್ಟೆ, ಸತ್ತವರಿಗೆ ಕೆಳಗಿನ ಮರಳು. ನಿನ್ನ ಅಪ್ಪನ ಬತ್ತಿಯನ್ನು ಎಷ್ಟು ಹೊತ್ತು ಹಿಡಿದು ನಿಂತಿದ್ದೆನೋ, ಬೆರಳುಗಳ ನಡುವೆಯೇ ಅದು ಮೆತ್ತಗಾಗಿ ಬಾಗಿಹೋಯಿತು. ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಚರ್ಚಿನಿಂದ ಹೊರಡುವಾಗಲೇ ಪಾದ್ರಿ ನನ್ನನ್ನು ತಡೆದಿದ್ದರು: “ನವೆಂಬರ್‌ನಲ್ಲಿ ಸತ್ತವರ ಶನಿವಾರಕ್ಕೆ ಮತ್ತೆ ಓದ್ತೀನಿ ಮಿಂಚೋ. ಆಗ ಒಂದೇ ಚೀಟೀಲಿ ಬರ್ಕೊಡಪ್ಪ.”

ಯಾವುದರಲ್ಲಿ? ನನ್ನ ತಲೆ ಓಡುತ್ತಿಲ್ಲ. ಬೆಳಿಗ್ಗೆ ಒಂದರಲ್ಲಿ ಬರೆಯುತ್ತೇನೆ, ಮಧ್ಯಾಹ್ನ ಹೊಡೆದುಹಾಕುತ್ತೇನೆ. ಅವನ ಮಗಳು ನೀನು. ನೀನು ಹೇಳಿದಲ್ಲಿ ಬರೆಯುತ್ತೇನೆ.

ಇಡೀ ಕಣಿವೆಯ ಏಕೈಕ ಜಾಣ, ನಿನ್ನ ಚಿಕ್ಕಪ್ಪ
ಮಿಂಚೋ

ಮರೆತ ಮಾತು: ಮರೆತಿರಲಿಲ್ಲ. ಇದು ತಿಳಿಯದೆ ನೀನು ತೀರ್ಮಾನಿಸಬಾರದು. ಗಡಿಯ ಕಾಲುದಾರಿಯನ್ನು ಅವನಿಗೆ ತೋರಿಸಿಕೊಟ್ಟವನು ನಾನೇ. ಅವನು ಮರಗಳ ನಡುವೆ ಮರೆಯಾದ ಸ್ವಲ್ಪ ಹೊತ್ತಿಗೆ ಗುಂಡಿನ ಸದ್ದು ಕೇಳಿತು, ಒಂದೇ ಒಂದು. ಯಾರೋ ಬೇಟೆಗೆ ಬಂದಿರಬೇಕು ಅಂದುಕೊಂಡು ಮನೆಗೆ ನಡೆದೆ. ಅದು ಬೇಟೆಯ ಕಾಲವಾಗಿರಲಿಲ್ಲ, ಝಿವ್ಕಾ.