ತಾರಾಬಾಯಿಯವರು ಕೊಟ್ಟ ಕಷಾಯ

ದಾನಿಯೇಲನ ಅಪ್ಪಾರಿಗೆ,

ಶುಭ ಶುಕ್ರವಾರದ ಪ್ರಾರ್ಥನೆಗೆ ನಾನು ಮೊದಲೇ ಹೊರಟೆ. ರೊಟ್ಟಿ, ಪಲ್ಯ ಮುಚ್ಚಿಟ್ಟಿದ್ದೇನೆ. ಬಚ್ಚಲಲ್ಲಿ ಬುಟ್ಟಿಯಡಿ ಇರುವ ಹುಂಜಕ್ಕೆ ಜೋಳ ಹಾಕಿ. ರೇಡಿಯೋ ಜೋರಾಗಿ ಹಚ್ಚಬೇಡಿ, ಹುಂಜ ಹಾಡಿಗಿಂತ ಮೇಲೆ ದನಿ ಎತ್ತುತ್ತದೆ.

ಈಸ್ಟರ್ ಊಟಕ್ಕೆಂದು ನಿಮ್ಮಕ್ಕ ತೆಲಸಂಗದಿಂದ ಅದನ್ನು ಕೊಟ್ಟು ಕಳಿಸಿದಳು, ಸರಿ. ಆದರೆ ಜೈನರ ಈ ಮನೆಯಲ್ಲಿ ಬಾಡಿಗೆಗಿರುವಷ್ಟು ದಿನ ಕೋಳಿ ತರುವುದಿಲ್ಲವೆಂದು ಮಾತು ಕೊಟ್ಟವರು ನೀವೇ. ನಿನ್ನೆ ಮನೆಯೊಡತಿ ತಾರಾಬಾಯಿ ಕೋಳಿ ತಂದಿದ್ದೀರೇನೆಂದು ಕೇಳಿದಾಗ ಮೊದಲು "ಇಲ್ರಿ" ಅಂದಿರಿ. ಆಮೇಲೆ "ಕೋಳಿ ಹ್ಯಾಂಗಿರತೈತಿ ಅಂತ ಸುದ್ದಾ ಗೊತ್ತಿಲ್ರಿ" ಅಂದಿರಿ. ಮೂರನೇ ಸಲ ಆಣೆ ಹಾಕಿದಿರಿ. ಹುಂಜ ಕೂಗಿಯೇಬಿಟ್ಟಿತು.

ಕೋಳಿ ಕೂಗುವ ಮುನ್ನ ಸ್ವಾಮಿಯನ್ನು ಮೂರು ಸಲ ಅರಿಯೆನೆಂದ ಶಿಷ್ಯ ಪೇತ್ರನ ಬೈಬಲ್ ಭಾಗವನ್ನು ಅಜ್ಜಿ ನನಗೆ ಬಾಯಿಪಾಠ ಮಾಡಿಸಿದ್ದಳು. ಅದು ನಮ್ಮ ಬಚ್ಚಲಲ್ಲಿ ನಡೆದೀತೆಂದು ನಾನು ಎಣಿಸಿರಲಿಲ್ಲ. ಕೋಳಿ ಕೂಗಿದಾಗ ಪೇತ್ರ ಹೊರಗೆ ಹೋಗಿ ಅತ್ತ. ನೀವು "ನಂದ ಕೆಮ್ಮರಿ ಅದು" ಅಂದಿರಿ.

ಒಲೆಯ ಹತ್ತಿರ ತಂಬಿಗೆಯಲ್ಲಿ ಕಷಾಯವಿದೆ. ಮುಂಜಾನೆ ತಾರಾಬಾಯಿ ತಾವೇ ಕುದಿಸಿ ತಂದರು. "ಅವರ ಕೆಮ್ಮು ಹ್ಯಾಂಗೈತಿ ತಂಗಿ? ಭಾಳ ಬ್ಯಾರೆ ನಮೂನಿ ಕೆಮ್ಮ ಬಿಡವಾ" ಅಂದರು. "ಕಡಿಮಿ ಆಗೇತ್ರಿ ಬಾಯಿ" ಅಂದುಬಿಟ್ಟೆ. ಕಿವಿಗೊಟ್ಟು ನಿಂತೆ. ಹುಂಜ ಕೂಗಲಿಲ್ಲ.

ನನಗೆ ಅದಕ್ಕೇ ಹೆದರಿಕೆ. ಇನ್ನೆರಡು ಸಲ ನಾನು ಸುಳ್ಳು ಹೇಳುವ ಮೊದಲು ನೀವು ತಂಬಿಗೆ ಹಿಡಿದು ಮೇಲೆ ಅವರ ಮನೆಗೆ ಹೋಗಿ ನಿಜ ಹೇಳಿ. ಮನೆ ಬಿಡಿ ಅಂದರೆ ಬಿಡೋಣ.

ಹೇಳುವಾಗ ಮಾತ್ರ ಕೆಮ್ಮಬೇಡಿ.

ರೂತ